ಸೈಕಲ್ ಕಂಡರೆ ಕಾರಿನವರಿಗೆ ಯಾಕಿಷ್ಟು ಸಿಟ್ಟು?

ಪ್ರಶ್ನೆ – ಪದ್ಮನಾಭನಗರದ ಟೀಚರ್

ಎಲ್ಲರಿಗೂ ನಮಸ್ಕಾರ. ಪದ್ಮನಾಭನಗರದಿಂದ ಜಯನಗರ ನಾಲ್ಕನೇ ಬ್ಲಾಕ್ ಹತ್ತಿರದ ಶಾಲೆಗೆ ನಾನು ಸೈಕಲ್‌ನಲ್ಲೇ ಹೋಗಿಬರುತ್ತೇನೆ. ಗೇರ್ ಸೈಕಲ್, ತಲೆಗೆ ಹೆಲ್ಮೆಟ್, ದುಪಟ್ಟಾ ಸೊಂಟಕ್ಕೆ ಬಿಗಿದು ಗಂಟು. ಹೊಗೆ, ಗುಂಡಿ, ಏರು ಎಲ್ಲ ಅಭ್ಯಾಸವಾಗಿದೆ. ಬೈಗುಳ ಮಾತ್ರ ಇನ್ನೂ ಅಭ್ಯಾಸವಾಗಿಲ್ಲ.

ಹೋದ ವಾರ ಬನಶಂಕರಿ ಬಿಡಿಎ ಕಾಂಪ್ಲೆಕ್ಸ್ ಹತ್ತಿರ ಎಡಕ್ಕೆ ಸಾಲಾಗಿ ಕಾರು ನಿಂತಿದ್ದವು. ಅವನ್ನು ದಾಟೋಕೆ ಕೈ ತೋರಿಸಿ ಸ್ವಲ್ಪ ಬಲಕ್ಕೆ ಬಂದೆ. ಹಿಂದಿದ್ದ ಬಿಳಿ ಕಾರಿನವರು ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ. ಪಕ್ಕಕ್ಕೆ ಬಂದು ಗಾಜು ಇಳಿಸಿ, "ಶೋಕಿ ಮಾಡೋಕೆ ಕಬ್ಬನ್ ಪಾರ್ಕಿಗೆ ಹೋಗಿ ಮೇಡಂ. ರೋಡ್ ಟ್ಯಾಕ್ಸ್ ಕಟ್ಟೋರು ನಾವು" ಅಂದರು. ಮುಂದಿನ ಸಿಗ್ನಲ್‌ನಲ್ಲಿ ಅದೇ ಕಾರು, ಪಕ್ಕದಲ್ಲೇ ನಾನು, ಇಬ್ಬರಿಗೂ ಒಂದೇ ಕೆಂಪು ದೀಪ. ಅಷ್ಟೆಲ್ಲ ಹಾರ್ನ್ ಹೊಡೆದು ಏನು ಉಳಿಸಿದರೋ ಗೊತ್ತಾಗಲಿಲ್ಲ.

ಆದರೆ ನನ್ನ ತಲೆ ಕೆಡಿಸಿರುವುದು ಬೇರೆ ವಿಷಯ. ನಮ್ಮ ಬಿಲ್ಡಿಂಗಿನ ಸೆಕ್ಯುರಿಟಿಯವರು ಹಳೇ ಅಟ್ಲಾಸ್ ಸೈಕಲ್‌ನಲ್ಲಿ ಇದೇ ದಾರಿಯಲ್ಲಿ ಬರುತ್ತಾರೆ. ನನ್ನ ತಂದೆಯ ವಯಸ್ಸಿನವರು. ನಿಮಗೂ ಹೀಗೇ ಬೈತಾರಾ ಅಂತ ಕೇಳಿದೆ. "ಏಯ್, ಸೈಡಿಗೆ ಹೋಗೋ ಅಂತಾರಮ್ಮ, ಅಷ್ಟೇ" ಅಂದರು. ಟ್ಯಾಕ್ಸ್ ಮಾತನ್ನು ಅವರಿಗೆ ಯಾರೂ ಹೇಳೇ ಇಲ್ಲವಂತೆ. ನಾನು ಶೋಕಿಗೆ ಬಂದವಳು, ಅವರು ದಾರಿಗೆ ಅಡ್ಡ. ಹಾಗಾದರೆ ಈ ಸಿಟ್ಟು ಸೈಕಲ್ ಮೇಲಾ, ಅದರ ಮೇಲೆ ಕೂತವರ ಮೇಲಾ?

ಉತ್ತರ – ಹಳೇ ಮೈಸೂರಿನವ

ಟ್ಯಾಕ್ಸ್ ಮಾತು ಓದಿ ನಗು ಬಂತು ಮೇಡಂ. ನಾನು ಹುಡುಗನಾಗಿದ್ದಾಗ ಸೈಕಲ್ಲಿಗೂ ಮುನಿಸಿಪಾಲಿಟಿಗೆ ದುಡ್ಡು ಕಟ್ಟಿ ತಗಡಿನ ಬಿಲ್ಲೆ ತರಬೇಕಿತ್ತು. ಬಿಲ್ಲೆ ಇಲ್ಲ, ರಾತ್ರಿ ದೀಪ ಇಲ್ಲ, ಡಬಲ್ ರೈಡ್ ಅಂದರೆ ಪೊಲೀಸಿನವರು ಹಿಡಿದು ಚಕ್ರದ ಗಾಳಿ ಬಿಟ್ಟು ಕಳಿಸೋರು.

ಆಗ ಸೈಕಲ್ಲಿನವರಿಗೆ ರಸ್ತೆಯಲ್ಲಿ ಮರ್ಯಾದೆ ಇತ್ತು, ನಿಜ. ಅದು ಬಿಲ್ಲೆಯಿಂದ ಬಂದದ್ದಲ್ಲ. ಮೇಷ್ಟ್ರು, ಗುಮಾಸ್ತರು, ಪೋಸ್ಟ್‌ಮ್ಯಾನ್ ಎಲ್ಲ ಓಡಾಡುತ್ತಿದ್ದುದೇ ಸೈಕಲ್ಲಲ್ಲಿ. ಇವತ್ತು ಬೈದರೆ ನಾಳೆ ಅದೇ ಗುಮಾಸ್ತರ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಿತ್ತು. ಈಗ ಕಾರಿನವರಿಗೆ ಆ ಭಯ ಇಲ್ಲ.

ನಮ್ಮ ಮೈಸೂರಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಶುರುವಾಯಿತು. ಆ ಸೈಕಲ್ ಕಂಡರೆ "ಯಾರೋ ಟೂರಿಸ್ಟು" ಅಂತ ಸ್ವಲ್ಪ ದಾರಿ ಬಿಡುತ್ತಾರೆ. ಹಾಲಿನ ಕ್ಯಾನ್ ಕಟ್ಟಿಕೊಂಡವನಿಗೆ ಬಿಡುವುದಿಲ್ಲ. ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ಉತ್ತರ – ಬೆಳ್ಳಂದೂರು ಪೆಡಲ್

ಮೊದಲು ಟ್ಯಾಕ್ಸ್. ಗಾಡಿ ನೋಂದಣಿ ಮಾಡಿಸುವಾಗ ಕಟ್ಟುವ ಲೈಫ್‌ಟೈಮ್ ಟ್ಯಾಕ್ಸ್ ಹೋಗುವುದು ರಾಜ್ಯ ಸರ್ಕಾರಕ್ಕೆ. ಬಡಾವಣೆಯ ರಸ್ತೆ ಪಾಲಿಕೆಯದು. ಅದು ಆಸ್ತಿ ತೆರಿಗೆ, ಸರ್ಕಾರದ ಅನುದಾನ ಇಂಥವುಗಳಿಂದ ಆಗುತ್ತದೆ. ಸೆಕ್ಯುರಿಟಿಯವರು ಬಾಡಿಗೆ ಮನೆಯಲ್ಲಿದ್ದರೆ ಅವರು ಕೊಡುವ ಬಾಡಿಗೆ ದುಡ್ಡೂ ಓನರ್ ಕೈಯಿಂದ ಅಲ್ಲಿಗೇ ಸೇರುತ್ತದೆ. ಇದನ್ನು ಸಿಗ್ನಲ್‌ನಲ್ಲಿ ವಿವರಿಸೋಕೆ ಹೋಗಬೇಡಿ, ಅಷ್ಟರಲ್ಲಿ ಹಸಿರು ಬಂದಿರುತ್ತದೆ.

ಇನ್ನು ಸವಾರರನ್ನು ನೋಡಿ ಅಳೆಯುವ ವಿಷಯ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿದ್ದ ಇಯಾನ್ ವಾಕರ್ ಅನ್ನುವವರು 2006ರಲ್ಲಿ ಸೈಕಲ್ಲಿಗೆ ದೂರ ಅಳೆಯುವ ಸೆನ್ಸರ್ ಕಟ್ಟಿಕೊಂಡು ಓಡಾಡಿದರು. ಹೆಲ್ಮೆಟ್ ಇಲ್ಲದಾಗ ಬಿಟ್ಟ ಜಾಗಕ್ಕಿಂತ, ಹಾಕಿದಾಗ ಗಾಡಿಗಳು ಸರಾಸರಿ 8.5 ಸೆಂ.ಮೀ. ಕಡಿಮೆ ಜಾಗ ಬಿಟ್ಟು ದಾಟಿದವು. ಹಿಂದಿನಿಂದ ಹೆಂಗಸಿನ ಹಾಗೆ ಕಾಣಲಿ ಅಂತ ಉದ್ದ ಕೂದಲಿನ ವಿಗ್ ಹಾಕಿಕೊಂಡಾಗ ಜಾಸ್ತಿ ಜಾಗ ಸಿಕ್ಕಿತಂತೆ! ಹೆಲ್ಮೆಟ್ ಲೆಕ್ಕದ ಬಗ್ಗೆ ಆಮೇಲೆ ಬೇರೆಯವರು ತಕರಾರು ತೆಗೆದಿದ್ದಾರೆ, ನೀವು ಬಿಚ್ಚಿಡಬೇಡಿ ಮತ್ತೆ.

ಸರ್ಕಾರಗಳೂ ಕಾರಿನವರ ಕಣ್ಣಿಂದಲೇ ನೋಡುತ್ತವೆ. ಕೋಲ್ಕತ್ತಾದಲ್ಲಿ 2013ರಲ್ಲಿ 174 ರಸ್ತೆಗಳಿಗೆ ಸೈಕಲ್ ಬರಬಾರದು ಅಂದರು. ಏಟು ಬಿದ್ದದ್ದು ಹಾಲು, ಪೇಪರ್ ಹಾಕುವವರಿಗೆ. ನಮ್ಮಲ್ಲಿ ನಿಷೇಧವೇ ಬೇಕಾಗಿಲ್ಲ, ಪಾರ್ಕಿಂಗ್ ಸಾಕು. ಜಯನಗರದಲ್ಲಿ ಗೆರೆ ಎಳೆದು ಸೈಕಲ್ ಪಥ ಮಾಡಿದ್ದು ನೆನಪಿದೆಯಾ? ಗೆರೆಯ ಒಳಗೆ ಕಾರು ನಿಂತವು. ಇಲ್ಲಿ ಔಟರ್ ರಿಂಗ್ ರೋಡಲ್ಲಿ 2020ರಲ್ಲಿ ಕೋವಿಡ್ ಟೈಮಲ್ಲಿ ಬೊಲಾರ್ಡ್ (ಗಿಡ್ಡ ಕಂಬ) ನೆಟ್ಟು ಬೇರೆ ಲೇನ್ ಮಾಡಿದರು. ಬೈಕಿನವರು ನುಗ್ಗಿದರು, ಬೊಲಾರ್ಡ್ ಮುರಿದವು, ಮೆಟ್ರೋ ಕೆಲಸ ಬಂತು, ಲೇನ್ ಹೋಯಿತು. ಅದಿದ್ದಷ್ಟು ದಿನ ನನಗೆ ಬೈಗುಳ ಕಡಿಮೆ ಇತ್ತು. ಜಾಗ ಬೇರೆ ಇದ್ದರೆ ಜಗಳಕ್ಕೆ ಕಾರಣ ಎಲ್ಲಿ?

ಉತ್ತರ – ಕ್ಯಾಬ್ ಓಡಿಸುವವನು

ನಮ್ಮ ಕಡೆಯದನ್ನೂ ಸ್ವಲ್ಪ ಕೇಳಿ ಮೇಡಂ. ನನಗೆ ಸೈಕಲ್ ಮೇಲೆ ಸಿಟ್ಟಿಲ್ಲ, ಭಯ ಇದೆ. ರಾತ್ರಿ ಡ್ಯೂಟಿ ಮುಗಿಸಿ ಬರುವವರು ದೀಪ ಇಲ್ಲದೆ, ಅದೂ ಒನ್‌ವೇಯಲ್ಲಿ ಎದುರಿಗೆ ಬರುತ್ತಾರೆ. ಎದುರು ಗಾಡಿ ಹೈಬೀಮ್ ಹಾಕಿದ್ದರೆ ಏನೂ ಕಾಣಿಸಲ್ಲ. ಏನಾದರೂ ಆದರೆ ನನ್ನ ಲೈಸೆನ್ಸ್, ನನ್ನ ಇಎಂಐ, ಸುತ್ತ ಸೇರಿದ ಜನ. ಆ ಭಯಕ್ಕೆ ಬಾಯಿಂದ ಏನೋ ಬಂದುಬಿಡುತ್ತದೆ.

ಒಂದು ಮಾತು ಹೇಳ್ತೀನಿ. ಹಾರ್ನ್ ಹೊಡೆಯೋರಿಗೆ ನೀವು ಕಾಣಿಸಿದ್ದೀರಿ ಅಂತಾಯ್ತು. ಹೆದರಬೇಕಾದ್ದು ನಿಂತ ಕಾರಿಗೆ. ಪ್ಯಾಸೆಂಜರ್ ಇಳಿಯೋದು ಎಡಗಡೆ, ಸೈಕಲ್ ನುಸುಳೋದೂ ಎಡಗಡೆ. ಫೋನ್ ನೋಡ್ತಾ ಬಾಗಿಲು ದೂಡಿಬಿಡುತ್ತಾರೆ.

ಪದ್ಮನಾಭನಗರದ ಟೀಚರ್

ವಿಗ್ ಬೇಡ ಸರ್, ನನಗೆ ಮೊಣಕೈವರೆಗೆ ಜಡೆ ಇದೆ. ಬನಶಂಕರಿಯಲ್ಲಿ ಅದು ಕೆಲಸ ಮಾಡಿದ್ದು ನಾನಂತೂ ಕಂಡಿಲ್ಲ.

ಕ್ಯಾಬ್ ಅಣ್ಣ, ಭಯ ಅಂದಿರಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಭಯ ಆದವರು ಬ್ರೇಕ್ ಒತ್ತುತ್ತಾರೆ. ಗಾಜು ಇಳಿಸಿ ಟ್ಯಾಕ್ಸ್ ಲೆಕ್ಕ ಹೇಳುವವರಿಗೆ ಭಯ ಎಲ್ಲಿಂದ ಬರಬೇಕು? ಒನ್‌ವೇ ವಿಷಯ ಸೆಕ್ಯುರಿಟಿಯವರನ್ನೂ ಕೇಳಿದೆ. ಸರಿಯಾದ ದಾರಿಯಲ್ಲಿ ಬಂದರೆ ಫ್ಲೈಓವರ್ ಕೆಳಗೆ ದೊಡ್ಡ ಸುತ್ತು, ಅಲ್ಲಿ ಬಸ್ಸುಗಳ ಮಧ್ಯೆ ಸಿಕ್ಕಿಹಾಕಿಕೊಳ್ಳಬೇಕಂತೆ. ಎದುರು ಬರೋ ಗಾಡಿ ಕಣ್ಣಿಗಾದರೂ ಕಾಣುತ್ತಲ್ಲಮ್ಮ ಅಂದರು. ತಪ್ಪು ಅಂತ ಅವರಿಗೂ ಗೊತ್ತು. ಬಾಗಿಲಿನ ವಿಷಯಕ್ಕೆ ನೀವೇನು ಮಾಡುತ್ತೀರಿ?

ಕ್ಯಾಬ್ ಓಡಿಸುವವನು

ಎಡಗಡೆ ಕೂತವರು ಬಲಗೈಯಿಂದ ಬಾಗಿಲು ತೆಗೆಯಬೇಕು. ಆಗ ಮೈ ತಾನೇ ತಿರುಗುತ್ತದೆ, ಹಿಂದೆ ಬರೋರು ಕಾಣುತ್ತಾರೆ. ಸೀಟಿನ ಹಿಂದೆ ಚೀಟಿ ಅಂಟಿಸಿ ನೋಡಿದೆ, ಯಾರೂ ಓದಲ್ಲ. ಈಗ ಫುಟ್‌ಪಾತಿಗೆ ತೀರಾ ಒತ್ತಿ ನಿಲ್ಲಿಸುತ್ತೇನೆ, ಮಧ್ಯೆ ಸೈಕಲ್ ನುಸುಳೋಕೇ ಆಗಬಾರದು ಹಾಗೆ. ಅದಕ್ಕೆ ಹಿಂದಿನ ಸೈಕಲ್ಲಿನವರು ನನಗೇ ಬೈತಾರೆ ಮೇಡಂ.