ಪದಚರ್ಚೆ: ‘ಕ್ರೌಡಿಂಗ್ ಔಟ್’ಗೆ ‘ಹೊರದೂಡಿಕೆ’ ಒಪ್ಪುವುದೇ?

ಪ್ರಶ್ನೆ: ಡೆಂಗಿ ಕುರಿತ ಲೇಖನವೊಂದರ ಅನುವಾದ. ಸರ್ಕಾರ ಸೊಳ್ಳೆಗೆ ಔಷಧಿ ಹೊಡೆಸತೊಡಗಿದ ಮೇಲೆ ಮನೆಯವರು ತೊಟ್ಟಿ ತೊಳೆಯುವಂಥ ತಮ್ಮ ಎಚ್ಚರಿಕೆ ಕಡಿಮೆ ಮಾಡುತ್ತಾರೆ ಎನ್ನುವಲ್ಲಿ ‘ಕ್ರೌಡಿಂಗ್ ಔಟ್’ ಬಂದಿದೆ. ‘ಹೊರದೂಡಿಕೆ’ ಎಂದು ಹಾಕಿದ್ದೇನೆ. ಸರಿಯೇ?

ಉತ್ತರ: ಸಾಲದ ವಿಚಾರಕ್ಕಾದರೆ ಸರಿ. ಸರ್ಕಾರವೇ ಹೆಚ್ಚು ಸಾಲ ಎತ್ತಿದರೆ ಖಾಸಗಿಯವರು ಸಾಲ ಸಿಗದೆ ಹೊರಬೀಳುತ್ತಾರೆ, ಅಲ್ಲಿ ದೂಡುವವರಿದ್ದಾರೆ. ತೊಟ್ಟಿ ತೊಳೆಯಬೇಡಿ ಎಂದು ಯಾರೂ ಯಾರನ್ನೂ ದೂಡುವುದಿಲ್ಲ. ‘ಮೈಮರೆವು’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಬೈಗುಳದ ವಾಸನೆ ಇದೆ. ಅರ್ಥಶಾಸ್ತ್ರದವರು ಹೇಳುವುದು ಲೆಕ್ಕಾಚಾರವನ್ನು: ಅಪಾಯ ಹೇಗೂ ಇಳಿಯಿತಲ್ಲ, ಇನ್ನು ನಾನೇಕೆ ಅರ್ಧ ಗಂಟೆ ತಿಕ್ಕಲಿ? ‘ಕೈಬಿಡಿಕೆ’ ಅನ್ನಬಹುದು. ಕ್ರಿಯಾಪದವೇ ಇನ್ನೂ ಲೇಸು: ‘ಮನೆಯವರು ತಮ್ಮ ಪಾಲಿನ ಕೆಲಸ ಕೈಬಿಡುತ್ತಾರೆ’.

ಡೆಂಗಿಯಲ್ಲಿ ಆ ಲೆಕ್ಕವೇ ತಪ್ಪುತ್ತದೆ. ಅದರಲ್ಲಿ ನಮ್ಮ ಪದಗಳ ಪಾಲೂ ಇದೆ. ಫಾಗಿಂಗ್‌ಗೆ (ಔಷಧಿಯ ಹೊಗೆ ಬಿಡುವುದಕ್ಕೆ) ‘ಸೊಳ್ಳೆ ನಿರ್ಮೂಲನೆ’ ಎಂದು ಬರೆಯುವುದುಂಟು. ಹೊಗೆ ಕೊಲ್ಲುವುದು ಹಾರಾಡುವ ಸೊಳ್ಳೆಯನ್ನು ಮಾತ್ರ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚಿ ಮಂಚದಡಿ, ನೇತುಹಾಕಿದ ಬಟ್ಟೆಯ ಹಿಂದೆ ಕೂರುವಂಥದು; ಹೊಗೆ ಬಿಡುವವರು ಬೀದಿಗೆ ಬಂದರೆ ನಾವು ಮೊದಲು ಕಿಟಕಿ ಮುಚ್ಚುತ್ತೇವೆ! ಡ್ರಮ್ಮಿನೊಳಗಿನ ಮರಿಹುಳುವಿಗೆ ಏನೂ ಆಗುವುದಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಬೇಕಾದದ್ದು ವಾರ, ಹತ್ತು ದಿನ. ‘ನಿರ್ಮೂಲನೆ’ 1980ರಲ್ಲಿ ಲೋಕದಿಂದಲೇ ಅಳಿಯಿತೆಂದು ಘೋಷಣೆಯಾದ ಸಿಡುಬಿನ ವಿಷಯಕ್ಕೆ ಇರಲಿ, ಇಲ್ಲಿ ‘ನಿಯಂತ್ರಣ’ ಸಾಕು.

‘ನೀರು ಚೆಲ್ಲಿ’ ಎಂಬುದೂ ಅರೆಬರೆ ಮಾತು. ಮೊಟ್ಟೆ ನೀರಿನ ಅಂಚಿನ ಮೇಲೆ, ಪಾತ್ರೆಯ ಒಳಮೈಗೆ ಅಂಟಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದಾಗ ಮರಿಯಾಗುತ್ತದೆ. ಆದ್ದರಿಂದ ‘ವಾರಕ್ಕೊಮ್ಮೆ ಬ್ರಷ್ಷಿನಿಂದ ತಿಕ್ಕಿ ತೊಳೆದು ಒಣಗಿಸಿ’ ಎಂದೇ ಬರೆಯಿರಿ. ಮರಿಹುಳು ಕೊಲ್ಲಲು ನೀರಿಗೆ ಹಾಕುವ ಟೆಮಿಫಾಸ್ ಎಂಬ ಮದ್ದು ಹೀಗೆ ತಿಕ್ಕಲಾಗದ ಸಂಪಿಗೆ, ದೊಡ್ಡ ತೊಟ್ಟಿಗೆ: ಶೇ. 1ರ ಹರಳಾದರೆ 100 ಲೀಟರಿಗೆ 10 ಗ್ರಾಂ. ಹಾಕಿದ ಮರುದಿನವೇ ತೊಟ್ಟಿ ತೊಳೆದರೆ ಮದ್ದು ಚರಂಡಿಗೆ.

‘ಕ್ರೌಡಿಂಗ್ ಔಟ್’ನ ಎದುರುಪದ ‘ಕ್ರೌಡಿಂಗ್ ಇನ್’ ಕೂಡ ಬರಬಹುದು. ದಯವಿಟ್ಟು ‘ಒಳದೂಡಿಕೆ’ ಮಾಡಬೇಡಿ. ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ಡ್ರಮ್ಮಿನಲ್ಲಿ ಮಿಸುಕುವ ಹುಳು ತೋರಿಸಿದ್ದಕ್ಕೆ ಮನೆಯವರು ಬ್ರಷ್ ಹಿಡಿದರೆ ‘ಕೈಜೋಡಿಸಿದರು’ ಎನ್ನಲು ಅಡ್ಡಿಯಿಲ್ಲ. ಸೊಳ್ಳೆ ಬೆಳೆಯಲು ಬಿಟ್ಟವರಿಗೆ ಕರ್ನಾಟಕದ 2024ರ ನಿಯಮ ಹಾಕುವ ದಂಡಕ್ಕೆ (ನಗರದ ಮನೆಗೆ 400, ಹಳ್ಳಿಯ ಮನೆಗೆ 200 ರೂಪಾಯಿ) ಹೆದರಿ ತೊಳೆದರೆ ಆ ಪದ ಹೊಂದದು. ಅಲ್ಲಿ ‘ದಾರಿಗೆ ಬಂದರು’ ಅನ್ನಿ.