ಹೋಟೆಲ್ ಸ್ಪಾದಲ್ಲಿ ಮೊದಲ ಫೇಷಿಯಲ್: ಮದುವೆಗೆ ಆರು ವಾರ ಇದೆ, ಯಾವಾಗ ಹೋಗಲಿ, ಏನು ಕೇಳಲಿ?

ಹೊಸಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಎಂ.ಜಿ. ರೋಡ್ ಹತ್ತಿರದ ಒಂದು ಫೈವ್ ಸ್ಟಾರ್ ಹೋಟೆಲ್‌ನ ಸ್ಪಾಗೆ 60 ನಿಮಿಷದ ಫೇಷಿಯಲ್ ವೋಚರ್ ಇದೆ. ಮದುವೆ ಹುಬ್ಬಳ್ಳಿಯಲ್ಲಿ, ಇನ್ನು ಆರು ವಾರ.

ಮೂಗು, ಹಣೆ ಎಣ್ಣೆ ಎಣ್ಣೆ; ಕೆನ್ನೆ ಒಣ. ಮೂಗಿನ ಮೇಲೆ ಬ್ಲ್ಯಾಕ್‌ಹೆಡ್ಸ್, ಗದ್ದದ ಮೇಲೆ ತಿಂಗಳಿಗೊಮ್ಮೆ ಮೊಡವೆ, ಅದು ಹೋದ ಜಾಗದಲ್ಲಿ ಕಪ್ಪು ಕಲೆ. ರಾತ್ರಿ ಮೊಡವೆಗೆ ಅಡಾಪಲೀನ್ 0.1% ಜೆಲ್ ಹಚ್ಚುತ್ತೇನೆ. ಎರಡು ವಾರದಿಂದ ಹಣೆಯ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿವೆ, ಸ್ವಲ್ಪ ತುರಿಕೆ ಇದೆ.

ಮದುವೆಗೆ ಎಷ್ಟು ದಿನ ಮುಂಚೆ ಹೋಗಬೇಕು? ಒಳಗೆ ಏನೇನು ಮಾಡುತ್ತಾರೆ? ಮೆನುವಿನಲ್ಲಿ ಚಂದನ-ಕೇಸರಿ ಫೇಷಿಯಲ್, ಗ್ಲೈಕಾಲಿಕ್ ಪೀಲ್ (ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಕಳಚುವುದು) ಇರುವ ಫೇಷಿಯಲ್, ಮಷಿನ್‌ನಲ್ಲಿ ಮಾಡುವ ಹೈಡ್ರಾ, ಮೂರೂ ಇವೆ. ಯಾವುದನ್ನು ಆರಿಸಲಿ? ಬಿಲ್‌ನಲ್ಲಿ ಏನಾದರೂ ನೋಡಿಕೊಳ್ಳಬೇಕಾ?

---

ತರಬೇತಿಕೋಣೆ

ಸ್ಪಾ ಥೆರಪಿಸ್ಟ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಮೆನುವಿನ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹೋದ ತಕ್ಷಣ ಕೈಗೆ ಒಂದು ಫಾರಂ ಕೊಡುತ್ತಾರೆ: ಈಗ ಹಚ್ಚುತ್ತಿರುವ ಔಷಧಿ, ಅಲರ್ಜಿ, ಗರ್ಭಿಣಿಯೇ, ಪೇಸ್‌ಮೇಕರ್ ಇದೆಯೇ, ಇತ್ತೀಚೆಗೆ ವ್ಯಾಕ್ಸಿಂಗ್ ಅಥವಾ ಲೇಸರ್ ಆಗಿದೆಯೇ ಅಂತ. ಬಹಳ ಜನ ಇದನ್ನು ಲಾಡ್ಜ್ ರಿಜಿಸ್ಟರ್ ತುಂಬಿದ ಹಾಗೆ ತುಂಬಿ ಸಹಿ ಹಾಕಿಬಿಡುತ್ತಾರೆ. ನಿಮ್ಮ ಮುಖಕ್ಕೆ ಏನು ಹಚ್ಚಬಹುದು, ಏನು ಹಚ್ಚಬಾರದು ಅನ್ನುವುದು ಆ ಹಾಳೆಯಲ್ಲೇ ತೀರ್ಮಾನವಾಗುತ್ತದೆ. "ಅಡಾಪಲೀನ್ 0.1%, ಕೊನೆಯ ಸಲ ಹಚ್ಚಿದ್ದು ಇಂಥ ದಿನ" ಅಂತ ಸ್ಪಷ್ಟವಾಗಿ ಬರೆಯಿರಿ. ಅದನ್ನು ಓದಿದ ಮೇಲೂ ಏನೂ ಕೇಳದೆ ಪೀಲ್‌ಗೆ ಕೈ ಹಾಕುವ ಥೆರಪಿಸ್ಟ್ ಸಿಕ್ಕರೆ ಬೇರೆಯವರನ್ನು ಕೊಡಿ ಅಂತ ಕೇಳಿ. ಅದರಲ್ಲಿ ಸಂಕೋಚ ಬೇಡ.

ಅರ್ಧ ಗಂಟೆ ಮುಂಚೆ ತಲುಪಿ. ಲಾಕರ್, ರೋಬ್, ಚಪ್ಪಲಿ ಕೊಡುತ್ತಾರೆ. ಭುಜ, ಕುತ್ತಿಗೆಗೂ ಮಸಾಜ್ ಇರುವುದರಿಂದ ಮೇಲಿನ ಬಟ್ಟೆ ತೆಗೆದು ಟವಲ್ ಅಥವಾ ಗೌನ್ ಸುತ್ತಿಕೊಳ್ಳಬೇಕಾಗುತ್ತದೆ, ಉಳಿದದ್ದು ಹಾಗೇ ಇರಲಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆಯಿರಿ. ಸೌನಾ, ಸ್ಟೀಮ್ ರೂಮ್ ಉಚಿತವಾಗಿ ಬಳಸಬಹುದು ಅನ್ನುತ್ತಾರೆ, ಫೇಷಿಯಲ್‌ಗೆ ಮುಂಚೆ ಅದಕ್ಕೆ ಹೋಗಬೇಡಿ. ಮುಖ ಆಗಲೇ ಕೆಂಪಾಗಿದ್ದರೆ ಯಾವ ವಸ್ತುವಿನಿಂದ ಉರಿ ಬಂತು ಅಂತ ಥೆರಪಿಸ್ಟ್‌ಗೆ ಗೊತ್ತಾಗುವುದಿಲ್ಲ. ಮುಗಿದ ಮೇಲೆ ಕ್ಲೋರಿನ್ ನೀರಿನ ಜಕೂಜಿಗೂ ಇಳಿಯಬೇಡಿ.

ಒಳಗೆ ನಡೆಯುವುದು ಹೀಗೆ. ಎರಡು ಸಲ ಕ್ಲೆನ್ಸಿಂಗ್: ಮೊದಲನೆಯದು ಸನ್‌ಸ್ಕ್ರೀನ್, ಮೇಕಪ್ ತೆಗೆಯಲು, ಎರಡನೆಯದು ಚರ್ಮಕ್ಕೆ. ಆಮೇಲೆ ದೊಡ್ಡ ಲೈಟ್ ಇರುವ ಮ್ಯಾಗ್ನಿಫೈಯರ್ ಹಿಡಿದು ನೋಡುತ್ತಾರೆ. ಆಮೇಲೆ ಸ್ಕ್ರಬ್ ಅಥವಾ ಕಿಣ್ವದ ಪೇಸ್ಟ್, ಸ್ಟೀಮ್, ಬೇಕಿದ್ದರೆ ಬ್ಲ್ಯಾಕ್‌ಹೆಡ್ ತೆಗೆಯುವುದು, 15ರಿಂದ 20 ನಿಮಿಷ ಮಸಾಜ್, 10ರಿಂದ 15 ನಿಮಿಷ ಮಾಸ್ಕ್, ಕೊನೆಗೆ ಸೀರಮ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. 60 ನಿಮಿಷದಲ್ಲಿ ಇಷ್ಟೂ ಹಿಡಿಸಬೇಕು. ಆದ್ದರಿಂದ ಬುಕ್ ಮಾಡುವಾಗಲೇ "60 ನಿಮಿಷ ಅಂದರೆ ಬೆಡ್ ಮೇಲೆ 60 ನಿಮಿಷವಾ, ಬಟ್ಟೆ ಬದಲಿಸುವುದೂ ಸೇರಿಯಾ" ಅಂತ ಕೇಳಿಕೊಳ್ಳಿ. ಹತ್ತು ನಿಮಿಷ ತಡವಾಗಿ ಹೋದರೆ ಸಾಮಾನ್ಯವಾಗಿ ಮಸಾಜ್‌ಗೇ ಕತ್ತರಿ ಬೀಳುತ್ತದೆ.

ಸ್ಟೀಮ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಯಾಕೆಂದರೆ ಅನಾಹುತಗಳು ಬಹಳಷ್ಟು ಇಲ್ಲೇ ಆಗುತ್ತವೆ. ಸ್ಟೀಮರ್ ಮೂತಿ ಮುಖದಿಂದ ಒಂದು ಅಡಿಗಿಂತ ಹತ್ತಿರ ಇರಬಾರದು. ನಿಮ್ಮಂಥ ಚರ್ಮಕ್ಕೆ 5ರಿಂದ 7 ನಿಮಿಷ ಸಾಕು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬೆಂಗಳೂರಿನ ಬೋರ್‌ವೆಲ್ ನೀರು ಹಾಕಿದರೆ ಸುಣ್ಣ ಕಟ್ಟಿ, ಆವಿಯ ಜೊತೆ ಕುದಿಯುವ ನೀರಿನ ಹನಿ ಚಿಮ್ಮುತ್ತದೆ. ಗುರುತು ಮೀರಿ ನೀರು ತುಂಬಿದರೂ ಅದೇ ಕಥೆ. ಮೆಷಿನ್ ಗುಳುಗುಳು ಸದ್ದು ಮಾಡುತ್ತಿದ್ದರೆ ಮೂತಿಯನ್ನು ಬೇರೆ ಕಡೆ ತಿರುಗಿಸಲು ಹೇಳಿ. ಮೊದಲ ಒಂದು ನಿಮಿಷ ಮೂತಿಯನ್ನು ಗೋಡೆ ಕಡೆ ಇಟ್ಟು ಆವಿ ಸಮನಾಗಿ ಬಂದ ಮೇಲೆ ಮುಖಕ್ಕೆ ತಿರುಗಿಸುವವರು ಕೆಲಸ ಕಲಿತವರು ಅಂತ ತಿಳಿಯಿರಿ.

ಬ್ಲ್ಯಾಕ್‌ಹೆಡ್ ತೆಗೆಯುವಾಗ ಬೆರಳಿಗೆ ಗಾಜ್ ಬಟ್ಟೆ ಅಥವಾ ಟಿಶ್ಯೂ ಸುತ್ತಿರಬೇಕು, ಗ್ಲೌಸ್ ಇರಬೇಕು. ಒಂದು ರಂಧ್ರವನ್ನು ಎರಡು-ಮೂರು ಸಲ ಒತ್ತಿದ ಮೇಲೂ ಬರದಿದ್ದರೆ ಬಿಟ್ಟುಬಿಡಬೇಕು. ಸೂಜಿ ಬಳಸುವುದಾದರೆ ಪ್ಯಾಕೆಟ್ ನಿಮ್ಮ ಎದುರೇ ಒಡೆಯಲಿ. ಲೋಹದ ಸಲಕರಣೆಯನ್ನು ನೀಲಿ ಬೆಳಕಿನ ಯುವಿ ಡಬ್ಬಿಯಿಂದ ತೆಗೆದರೆ ಅಷ್ಟಕ್ಕೇ ಸಮಾಧಾನ ಬೇಡ. ಆ ಬೆಳಕು ಬಿದ್ದ ಮೇಲ್ಮೈಯನ್ನು ಮಾತ್ರ ಮುಟ್ಟುತ್ತದೆ. ನಿಜವಾದ ಶುದ್ಧಿ ಒತ್ತಡದ ಆವಿಯಲ್ಲಿ ಕ್ರಿಮಿ ಕೊಲ್ಲುವ 121 ಡಿಗ್ರಿಯ ಆಟೋಕ್ಲೇವ್‌ನಲ್ಲಿ. ಕ್ರೀಮ್ ಡಬ್ಬಿಗೆ ಬೆರಳು ಹಾಕದೆ ಸ್ಪ್ಯಾಚುಲಾದಲ್ಲಿ ತೆಗೆಯುತ್ತಾರಾ ಅಂತಲೂ ನೋಡಿ.

ನಿಮ್ಮ ಮೂಗಿನ ಮೇಲಿರುವುದರಲ್ಲಿ ಬಹುಪಾಲು ಬ್ಲ್ಯಾಕ್‌ಹೆಡ್ ಆಗಿರಲಿಕ್ಕಿಲ್ಲ. ಬೂದು ಬಣ್ಣದ, ಸಾಲಾಗಿ, ಒಂದೇ ಅಳತೆಯಲ್ಲಿದ್ದರೆ ಅದು ರಂಧ್ರದಲ್ಲಿ ಸಹಜವಾಗಿ ತುಂಬುವ ಜಿಡ್ಡು. ಇವತ್ತು ತೆಗೆದರೆ ಮುಂದಿನ ತಿಂಗಳು ಮತ್ತೆ ಅಲ್ಲೇ ಇರುತ್ತದೆ. ಅದಕ್ಕಾಗಿ ಹತ್ತು ನಿಮಿಷ ಮೂಗು ಹಿಂಡಿಸಿಕೊಳ್ಳುವುದು ನಷ್ಟವೇ.

---

ಚರ್ಮದಮಾತು

ತರಬೇತಿಕೋಣೆ ಹೇಳಿದ್ದು ಸರಿ. ವೈದ್ಯಕೀಯ ಭಾಗವನ್ನು ನಾನು ಸೇರಿಸುತ್ತೇನೆ.

ಮೊದಲು ಹಣೆಯ ಗುಳ್ಳೆ. ಒಂದೇ ಅಳತೆಯ, ಸಣ್ಣ, ತುರಿಸುವ ಗುಳ್ಳೆ ಹಣೆಯ ಮೇಲೆ ದಿಢೀರನೆ ಎದ್ದರೆ ಅದು ಮೊಡವೆಯೇ ಆಗಬೇಕಿಲ್ಲ. ಮಲಸೀಝಿಯಾ ಅನ್ನುವ ಶಿಲೀಂಧ್ರದಿಂದ ರೋಮಕೂಪಗಳಿಗೆ ಆಗುವ ಸೋಂಕೂ ಹೀಗೇ ಕಾಣುತ್ತದೆ. ಈ ಶಿಲೀಂಧ್ರ ಜಿಡ್ಡಿನ ಮೇಲೆ ಬದುಕುತ್ತದೆ. ಅದರ ಮೇಲೆ ಇಪ್ಪತ್ತು ನಿಮಿಷ ಎಣ್ಣೆ ಮಸಾಜ್ ಮಾಡಿ, ಆವಿ ಹಿಡಿದರೆ ವಾರದೊಳಗೆ ಹೆಚ್ಚಾಗಬಹುದು. ಆಗ ಎಲ್ಲರೂ "ಫೇಷಿಯಲ್ ಆದ ಮೇಲೆ ಒಳಗಿನ ಕೊಳೆ ಹೊರಗೆ ಬರ್ತಾ ಇದೆ" ಅಂದುಕೊಳ್ಳುತ್ತಾರೆ. ಚರ್ಮದಿಂದ ಹಾಗೆ ಯಾವ ಕೊಳೆಯೂ ಹೊರಗೆ ಬರುವುದಿಲ್ಲ. ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ, ಅದು ಆರಿದ ಮೇಲೆ ಸ್ಪಾಗೆ ದಿನ ಹಿಡಿಯಿರಿ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿಯುತ್ತಿದ್ದರೆ ಅದನ್ನೂ ಸದ್ಯಕ್ಕೆ ನಿಲ್ಲಿಸಿ.

ಅಡಾಪಲೀನನ್ನು ಫೇಷಿಯಲ್‌ಗೆ 5ರಿಂದ 7 ದಿನ ಮುಂಚೆ ನಿಲ್ಲಿಸಿ. ಅದರಿಂದ ಚರ್ಮದ ಮೇಲ್ಪದರ ತೆಳುವಾಗಿ, ಕೆರಳುವ ಸ್ಥಿತಿಯಲ್ಲಿರುತ್ತದೆ. ಅದರ ಮೇಲೆ ಸ್ಕ್ರಬ್ ಉಜ್ಜಿದರೆ ಅಥವಾ ಗ್ಲೈಕಾಲಿಕ್ ಹಚ್ಚಿದರೆ ತೇಪೆ ತೇಪೆಯಾಗಿ ಸುಡುತ್ತದೆ. ಮುಗಿದ 3-4 ದಿನದ ನಂತರ, ಉರಿ, ಕೆಂಪು ಏನೂ ಇಲ್ಲದಿದ್ದರೆ, ದಿನ ಬಿಟ್ಟು ದಿನ ಮತ್ತೆ ಶುರು ಮಾಡಿ. ಹುಬ್ಬು, ಮೇಲ್ದುಟಿಯ ಥ್ರೆಡ್ಡಿಂಗ್, ಬ್ಲೀಚ್ ಅದೇ ದಿನ ಬೇಡ. ಎರಡು-ಮೂರು ದಿನದ ಅಂತರ ಇರಲಿ.

ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಗ್ಲೈಕಾಲಿಕ್ ಪೀಲ್ ಬೇಡ. ನಮ್ಮ ಕಡೆಯ ಗೋಧಿ ಬಣ್ಣ, ಕಂದು ಬಣ್ಣದ ಚರ್ಮ ಎಲ್ಲಿ ಕೆರಳಿತೋ ಅಲ್ಲಿ ಕಪ್ಪು ಕಲೆ ಬಿಡುತ್ತದೆ, ಅದು ಆರಲು ತಿಂಗಳುಗಳೇ ಬೇಕು. ನಿಮಗೆ ಇರುವುದು ಆರು ವಾರ. ಗದ್ದದ ಕೆಂಪು ಮೊಡವೆಯನ್ನು ಯಾರೂ ಒತ್ತಬಾರದು ಅನ್ನುವುದಕ್ಕೂ ಇದೇ ಕಾರಣ. ಮಷಿನ್ ಹೈಡ್ರಾ ಅಂದರೆ ಮುಖಕ್ಕೆ ದ್ರಾವಣ ಬಿಟ್ಟು ಕೊಳೆಯ ಜೊತೆ ಹೀರಿ ತೆಗೆಯುವುದು; ಆ ಹೀರುವ ಒತ್ತಡವನ್ನು ಕಡಿಮೆ ಇಟ್ಟರೆ ತೊಂದರೆ ಇಲ್ಲ, ಹೆಚ್ಚಿಟ್ಟು ಒಂದೇ ಕಡೆ ನಿಲ್ಲಿಸಿದರೆ ಕೆನ್ನೆಯ ಮೇಲೆ ಕಂದಿದ ಗೆರೆ ಮೂಡುತ್ತದೆ. ಅದರ ದ್ರಾವಣದಲ್ಲೂ ಸಾಮಾನ್ಯವಾಗಿ ಸ್ಯಾಲಿಸಿಲಿಕ್, ಗ್ಲೈಕಾಲಿಕ್ ಆಮ್ಲ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ನನ್ನ ಮಾತು ಕೇಳುವುದಾದರೆ: ಸುಗಂಧ ಕಡಿಮೆ ಇರುವ, ಬರೀ ತೇವಾಂಶ ಕೊಡುವ ಸರಳ ಫೇಷಿಯಲ್. ಚಂದನ-ಕೇಸರಿಯೇ ಇಷ್ಟವಾದರೆ ಮಾಸ್ಕನ್ನು ಕಿವಿಯ ಹಿಂದೆ ಅಥವಾ ಮುಂಗೈ ಒಳಭಾಗದಲ್ಲಿ ಚೂರು ಹಚ್ಚಿಸಿಕೊಂಡು 24ರಿಂದ 48 ಗಂಟೆ ನೋಡಿ. ಗಿಡಮೂಲಿಕೆ ಅಂದ ಮಾತ್ರಕ್ಕೆ ಅಲರ್ಜಿ ಆಗುವುದಿಲ್ಲ ಅಂತಿಲ್ಲ.

ಇನ್ನೊಂದು ವಿಷಯ, ಇದನ್ನು ಓದುತ್ತಿರುವ ಎಲ್ಲರಿಗೂ. ಮೆಡಿಕಲ್ ಶಾಪ್‌ನಲ್ಲಿ ಸಿಗುವ "ಬೆಳ್ಳಗಾಗುವ" ಕ್ರೀಮ್ ಹಚ್ಚುತ್ತಿದ್ದರೆ ಟ್ಯೂಬ್ ತಿರುಗಿಸಿ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಸಾಲ್ ಅಂತ ಇದ್ದರೆ ಅದು ಸ್ಟೆರಾಯ್ಡ್. 2018ರಲ್ಲೇ ಇಂಥ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದಾರೆ. ತಿಂಗಳುಗಟ್ಟಲೆ ಇದನ್ನು ಹಚ್ಚಿದ ಮುಖ ಕಾಗದದಷ್ಟು ತೆಳುವಾಗಿರುತ್ತದೆ. ಆವಿ, ಸ್ಕ್ರಬ್ ಎರಡನ್ನೂ ತಡೆಯುವುದಿಲ್ಲ. ಅಂಥವರು ಮೊದಲು ಹೋಗಬೇಕಾದದ್ದು ಡಾಕ್ಟರ ಹತ್ತಿರ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರು ಮುಖಕ್ಕೆ ವ್ಯಾಕ್ಸಿಂಗ್ ಮಾಡಿಸಲೇಬಾರದು, ಚರ್ಮವೇ ಕಿತ್ತು ಬರುತ್ತದೆ.

---

ಧಾರವಾಡದಾಕಿ

ಮದುವಿ ಹುಬ್ಬಳ್ಳ್ಯಾಗ ಅಂದ್ರಲ್ಲಾ, ಅದಕ್ಕ ಒಂದು ಮಾತು ಹೇಳ್ತೀನಿ ನೋಡ್ರಿ. ಎಲ್ಲಾರೂ ಮದುವಿ ದಿನಾನ ಲೆಕ್ಕಾ ಹಾಕ್ತಾರ, ಅರಿಷಿಣ ಹಚ್ಚೋ ದಿನಾ, ಸುರಗಿ ದಿನಾ ಮರ್ತುಬಿಡ್ತಾರ. ಸ್ಕ್ರಬ್ ಮಾಡಿಸಿದ ಮುಖದ ಮ್ಯಾಲೆ ಮರುದಿನಾನ ಅರಿಷಿಣ, ಎಣ್ಣಿ ತಿಕ್ಕಿದ್ರ ಉರಿ ತಡ್ಕೊಳ್ಳಾಕ ಆಗೂದಿಲ್ಲ, ಹಳದಿನೂ ತೇಪಿ ತೇಪಿ ಕೂಡ್ತೈತಿ. ಹಂಗಾಗಿ ಅರಿಷಿಣದ ದಿನದಿಂದ ಹಿಂದಕ್ಕ ಎಣಸ್ರಿ. ವೋಚರ್ ಫೇಷಿಯಲ್ ನಾಲ್ಕು ವಾರ ಮೊದಲಽ ಮುಗಿಸ್ರಿ. ಅದು ಚಲೋ ಆತು ಅಂದ್ರ ಅದನ್ನಽ, ಅದೇ ಪ್ರಾಡಕ್ಟ್‌ನಾಗ, ಅರಿಷಿಣಕ್ಕ ಐದಾರು ದಿನಾ ಮೊದಲು ಇನ್ನೊಮ್ಮೆ ಮಾಡಿಸ್ರಿ. ಎರಡನೇ ಸಲ ಹೊಸಾದೇನೂ ಹಚ್ಚಿಸ್ಕೋಬ್ಯಾಡ್ರಿ. ಮದುವಿ ಹಿಂದಿನ ದಿನಾ ಅಂತೂ ಬ್ಯಾಡೇ ಬ್ಯಾಡ.

ಹಣಿ ಮ್ಯಾಲೆ ಸ್ಟಿಕ್ಕರ್ ಬಿಂದಿ ಇಡೋರಾದ್ರ ಆ ಜಾಗಾ ಥೆರಪಿಸ್ಟ್‌ಗೆ ತೋರಸ್ರಿ. ಬಿಂದಿ ಅಂಟಿನಿಂದ ಭಾಳ ಮಂದಿಗೆ ಅಲ್ಲಿ ಅಲರ್ಜಿ ಇರ್ತೈತಿ, ಅಲ್ಲಿ ಉಜ್ಜಬಾರದು.

---

ಲೆಕ್ಕಪತ್ರ

ಬಿಲ್ ಬಗ್ಗೆ ಯಾರೂ ಹೇಳಿಲ್ಲ. ಸೌಂದರ್ಯ ಮತ್ತು ದೇಹಸೌಖ್ಯ ಸೇವೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18%ನಿಂದ 5%ಗೆ ಇಳಿದಿದೆ. ಮೆನುವಿನಲ್ಲಿ 5,000 ರೂಪಾಯಿ ಇದ್ದರೆ ಮೊದಲು 5,900 ಆಗುತ್ತಿತ್ತು, ಈಗ 5,250. ಹಳೆಯ ಮೆನು ಕಾರ್ಡ್ ಇಟ್ಟುಕೊಂಡಿದ್ದರೆ ಕೇಳಿ. ವೋಚರ್ ಮೇಲೆ "ತೆರಿಗೆ ಸೇರಿ" ಅಂತಿದೆಯಾ, ಕೊನೆಯ ದಿನಾಂಕ ಯಾವುದು, ಫೇಷಿಯಲ್‌ಗೆ ಮಾತ್ರವಾ ಅಥವಾ ಅದೇ ಮೊತ್ತಕ್ಕೆ ಬೇರೆ ಮಸಾಜ್ ತೆಗೆದುಕೊಳ್ಳಬಹುದಾ, ಶನಿವಾರ-ಭಾನುವಾರ ನಡೆಯುತ್ತದಾ, ಈ ನಾಲ್ಕನ್ನು ಫೋನ್‌ನಲ್ಲೇ ಕೇಳಿ.

ಸರ್ವಿಸ್ ಚಾರ್ಜ್ ಅಂತ ತಾವಾಗಿಯೇ ಸೇರಿಸಿದ್ದರೆ ತೆಗೆಸಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೋಟೆಲ್, ರೆಸ್ಟೋರೆಂಟ್‌ಗಳು ಅದನ್ನು ಬಿಲ್‌ಗೆ ತಾವಾಗಿ ಸೇರಿಸಬಾರದು ಅಂದಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಕೆಲಸ ಚೆನ್ನಾಗಿದ್ದರೆ ಥೆರಪಿಸ್ಟ್ ಕೈಗೇ ಟಿಪ್ಸ್ ಕೊಡಿ, ಅವರ ಕಷ್ಟದ ದುಡ್ಡು ಅವರಿಗೇ ಸೇರಲಿ.

ಮಧ್ಯದಲ್ಲಿ "ಇನ್ನೊಂದು ಆಂಪ್ಯೂಲ್ ಹಾಕಲಾ, ಎಲ್‌ಇಡಿ ಇಡಲಾ ಮೇಡಂ" ಅಂತ ಕೇಳಿದರೆ ಕಣ್ಣು ಮುಚ್ಚಿಕೊಂಡೇ ಹೂಂ ಅನ್ನಬೇಡಿ. ಆಂಪ್ಯೂಲ್ ಅಂದರೆ ಗಟ್ಟಿ ಸೀರಮ್‌ನ ಪುಟ್ಟ ಶೀಶೆ, ಎಲ್‌ಇಡಿ ಅಂದರೆ ಮುಖಕ್ಕೆ ಬೆಳಕು ಬಿಡುವುದು; ಎರಡೂ ವೋಚರ್‌ನ ಹೊರಗಿನ ಲೆಕ್ಕ.

---

ಹೊಸಮಲ್ಲಿಗೆ

ತುಂಬಾ ಧನ್ಯವಾದ. ಡಾಕ್ಟರ್ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಎರಡು ಸಣ್ಣ ಪ್ರಶ್ನೆ: ಬ್ಲ್ಯಾಕ್‌ಹೆಡ್ ತೆಗೆಯುವುದನ್ನು ಪೂರ್ತಿ ಬೇಡ ಅನ್ನಬಹುದಾ? ಮೂಗುಬೊಟ್ಟು ತೆಗೆಯಲೇಬೇಕಾ? ಅದು ತಿರುಪಿನದ್ದು, ಸುಲಭಕ್ಕೆ ಬರುವುದಿಲ್ಲ.

---

ತರಬೇತಿಕೋಣೆ

ಧಾರಾಳವಾಗಿ ಬೇಡ ಅನ್ನಿ. "ಆ ಸಮಯವನ್ನು ಮಸಾಜ್‌ಗೆ ಕೊಡಿ, ಒತ್ತಡ ಹಗುರ ಇರಲಿ, ಗದ್ದ ಮುಟ್ಟಬೇಡಿ" ಅಂತ ಶುರುವಿನಲ್ಲೇ ಹೇಳಿ. ಸ್ಟೀಮ್‌ ಕೂಡ ಬೇಡ ಅನ್ನಬಹುದು, ಬಿಸಿ ಟವಲ್ ಸಾಕು.

ಮೂಗುಬೊಟ್ಟು ಬಾರದಿದ್ದರೆ ಎಳೆಯಬೇಡಿ. ಅದರ ಸುತ್ತ ಹತ್ತಿ ಇಟ್ಟು ಕೆಲಸ ಮಾಡುತ್ತಾರೆ. ಆದರೆ ರಬ್ಬರ್ ಮಾಸ್ಕ್ ಬೇಡ ಅನ್ನಿ. ಒಂದು ಪಾಲು ಪುಡಿಗೆ ಸುಮಾರು ಮೂರು ಪಾಲು ನೀರು ಕಲಸಿ ಹಾಕಿದ್ದು ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಇಡಿಯಾಗಿ ಎತ್ತುವಾಗ ಬೊಟ್ಟು ಸಿಕ್ಕಿಕೊಂಡು ಮೂಗು ಎಳೆಯುತ್ತದೆ. ಶೀಟ್ ಅಥವಾ ಕ್ರೀಮ್ ಮಾಸ್ಕ್ ಕೇಳಿ. ಸರ, ಓಲೆ ಮನೆಯಲ್ಲೇ ಬಿಟ್ಟು ಹೋಗಿ.

ವಾಪಸ್ ಬರುವಾಗ ಸ್ಕೂಟರ್ ಬೇಡ. ಕ್ರೀಮ್ ಹಚ್ಚಿದ ಹಣೆ, ಕೆನ್ನೆ ಹೆಲ್ಮೆಟ್ಟಿನ ಬೆವರು ಹಿಡಿದ ಸ್ಪಂಜಿಗೆ ಉಜ್ಜುತ್ತದೆ. ಮೆಟ್ರೊ ಅಥವಾ ಕ್ಯಾಬ್ ಹಿಡಿಯಿರಿ. ಆ ದಿನ ಮೇಕಪ್, ಜಿಮ್, ಬಿಸಿನೀರಿನ ತಲೆಸ್ನಾನ ಬೇಡ. ಮರುದಿನದಿಂದ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿ ಅಷ್ಟನ್ನೂ ಮುಖ, ಕುತ್ತಿಗೆಗೆ ಹಚ್ಚಿ. ಕೆಲವು ಗಂಟೆ ತಿಳಿ ಕೆಂಪು ಇರುವುದು ಸಹಜ. 24 ಗಂಟೆ ಕಳೆದರೂ ಉರಿ, ತುರಿಕೆ, ಊತ ಇದ್ದರೆ ಬರೀ ತಣ್ಣೀರಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ಸ್ಪಾಗೂ ಫೋನ್ ಮಾಡಿ ಯಾವ ಯಾವ ಪ್ರಾಡಕ್ಟ್ ಹಚ್ಚಿದರು ಅನ್ನುವ ಪಟ್ಟಿ ತರಿಸಿಕೊಳ್ಳಿ, ನಿಮ್ಮ ಫಾರಂ ಜೊತೆ ಅದನ್ನೂ ಬರೆದಿಟ್ಟಿರುತ್ತಾರೆ.