ಬಾಹ್ಯಾಕಾಶದಲ್ಲಿ ಚಕ್ರ ನಿಲ್ಲದೆ ತಿರುಗೀತೇ? ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ: (ಫಾರ್ವರ್ಡ್ ಮಾಡಿದ ವಿಡಿಯೊ) ಎಲ್ಲರೂ ನೋಡಿ. ಈ ಚಕ್ರವನ್ನು ಬಾಹ್ಯಾಕಾಶಕ್ಕೆ ಒಯ್ದು ಒಮ್ಮೆ ತಿರುಗಿಸಿಬಿಟ್ಟರೆ ಎಂದೆಂದಿಗೂ ವಿದ್ಯುತ್ ಕೊಡುತ್ತದೆಯಂತೆ. ಅಲ್ಲಿ ಗಾಳಿಯಿಲ್ಲ, ಘರ್ಷಣೆಯಿಲ್ಲ. ಅದನ್ನು ತಡೆಯುವುದಾದರೂ ಏನು?

ಚಿಕ್ಕಮ್ಮ: ಭಾವ, ಕೊನೆಯಲ್ಲಿ ಹಣ ಹೂಡಿ ಎನ್ನುತ್ತಾರಲ್ಲ, ನನಗೆ ಅದು ಸರಿ ಕಾಣಲಿಲ್ಲ.

ನಾನು: ದೊಡ್ಡಪ್ಪ, ಆ ಚಕ್ರದ ಕಡ್ಡಿಗಳನ್ನು ಗಮನಿಸಿ. ಒಳಗಿನ ದ್ರವ ಸರಿದಾಡಿ ಒಂದು ಬದಿ ಭಾರವಾಗಬೇಕು, ಆ ಭಾರ ಚಕ್ರವನ್ನು ಕೆಳಕ್ಕೆಳೆಯಬೇಕು ಎಂಬುದು ಅದರ ಹೂಟ. 12ನೇ ಶತಮಾನದಲ್ಲಿ ಎರಡನೆಯ ಭಾಸ್ಕರಾಚಾರ್ಯರು ವರ್ಣಿಸಿದ ಪಾದರಸದ ಚಕ್ರದ ಜಾತಿಯೇ ಇದು. ಕಕ್ಷೆಯಲ್ಲಿ ನೌಕೆ, ಚಕ್ರ, ಪಾದರಸ ಎಲ್ಲವೂ ಒಟ್ಟಿಗೇ ಬೀಳುತ್ತಿರುತ್ತವೆ. ಅಲ್ಲಿ ಯಾವ ಬದಿಯೂ ಭಾರವಾಗುವುದಿಲ್ಲ. ಭಾರವನ್ನೇ ನಂಬಿದ ಯಂತ್ರ ಅಲ್ಲಿ ಹೊರಡುವುದೇ ಇಲ್ಲ.

ದೊಡ್ಡಪ್ಪ: ಸರಿಯಮ್ಮ, ಭಾರ ಬೇಡ. ಕೈಯಿಂದಲೇ ತಿರುಗಿಸಿ ಬಿಡೋಣ. ವಾಯೇಜರ್ 1 ನೌಕೆ 1977ರಿಂದ ಓಡುತ್ತಲೇ ಇದೆ. ಅದನ್ನು ಈಗ ಯಾವ ಎಂಜಿನ್ ತಳ್ಳುತ್ತಿದೆ, ಹೇಳು?

ನಾನು: ಯಾವುದೂ ಇಲ್ಲ. ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ತಾನಾಗಿಯೇ ಸಾಗುತ್ತಿದೆ. ಆದರೂ ಅದರ ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತಾ ಬರಬೇಕಾಗಿದೆ. ಅವುಗಳಿಗೆ ವಿದ್ಯುತ್ ಬರುವುದು ಪ್ಲುಟೋನಿಯಂನ ಶಾಖದಿಂದ. ಅದು ವರ್ಷಕ್ಕೆ ಸುಮಾರು 4 ವ್ಯಾಟ್‌ನಷ್ಟು ಕುಗ್ಗುತ್ತಿದೆ. ಅಷ್ಟು ವೇಗವಿದ್ದರೂ ಅದರಿಂದ ಒಂದು ದೀಪವೂ ಉರಿಯುತ್ತಿಲ್ಲ. ಚಲನೆ ಉಳಿಯುವುದು ಬೇರೆ, ಆ ಚಲನೆ ನಮಗೆ ದುಡಿದು ಕೊಡುವುದು ಬೇರೆ. ವಿಡಿಯೊ ಇವೆರಡನ್ನೂ ಒಂದೇ ಎಂದು ತೋರಿಸುತ್ತಿದೆ, ಅದಕ್ಕೇ ನನಗೆ ಸಿಟ್ಟು.

ಅಣ್ಣ: ನಾನು ದೊಡ್ಡಪ್ಪನ ಪರ. ಇಂಥ ಯಂತ್ರಗಳು ಸೋಲುವುದು ಬೇರಿಂಗಿನ ಘರ್ಷಣೆಯಿಂದ ಎಂದೇ ಶಾಲೆಯಲ್ಲಿ ಕಲಿತದ್ದು. ಅದನ್ನು ತೆಗೆದುಹಾಕಿದ ಮೇಲೆ ಉಳಿಯುವ ಅಡ್ಡಿ ಏನು?

ನಾನು: ತೆಗೆದುಹಾಕಿ ನೋಡಿದ್ದಾರೆ ಅಣ್ಣ. 2004ರಲ್ಲಿ ಹಾರಿಸಿದ ಗ್ರಾವಿಟಿ ಪ್ರೋಬ್ ಬಿ ಉಪಗ್ರಹದಲ್ಲಿ ಪಿಂಗ್‌ಪಾಂಗ್ ಚೆಂಡಿನ ಗಾತ್ರದ ಗೋಲಗಳಿದ್ದವು. ಅವನ್ನು ಎಲ್ಲಿಯೂ ತಾಗದಂತೆ ವಿದ್ಯುತ್ ಬಲದಿಂದ ತೇಲಿಸಿ, ಹೀಲಿಯಂ ಊದಿ ತಿರುಗಿಸಿ, ಆಮೇಲೆ ಅನಿಲವನ್ನೂ ಹೊರಹಾಕಿದರು. ಬೇರಿಂಗೇ ಇಲ್ಲ. ತಿರುಗುವಿಕೆ ಸಾವಿರಾರು ವರ್ಷ ಉಳಿಯುವಷ್ಟು ನಿಧಾನವಾಗಿ ಕುಗ್ಗುತ್ತಿತ್ತು. ಆದರೆ ಕುಗ್ಗುತ್ತಲೇ ಇತ್ತು. ಮೇಲಿನ ಲೋಹಲೇಪದಲ್ಲಿ ಅಲ್ಲಲ್ಲಿ ಉಳಿದಿದ್ದ ವಿದ್ಯುದಾವೇಶವೇ ಗೋಲಗಳನ್ನು ಜಗ್ಗುತ್ತಿತ್ತು. ಆ ಜಗ್ಗಾಟವನ್ನು ದತ್ತಾಂಶದಿಂದ ಬೇರ್ಪಡಿಸಲು ವರ್ಷಗಳೇ ಹಿಡಿದವು.

ಇನ್ನೂ ಹಳೆಯದು 1958ರ ಎಕ್ಸ್‌ಪ್ಲೋರರ್ 1. ಉದ್ದನೆಯ ಕೊಳವೆಯಂಥ ಆ ಉಪಗ್ರಹ ತನ್ನ ಉದ್ದದ ಅಕ್ಷದ ಸುತ್ತ ತಿರುಗುತ್ತಿರಬೇಕಿತ್ತು. ಅದರ ಬಳುಕುವ ಆಂಟೆನಾಗಳು ಅಲುಗಾಡುತ್ತಾ ಶಕ್ತಿಯನ್ನು ಶಾಖವಾಗಿ ಕರಗಿಸಿದವು. ಸ್ವಲ್ಪ ಹೊತ್ತಿನಲ್ಲೇ ಉಪಗ್ರಹ ಅಡ್ಡಡ್ಡವಾಗಿ ಉರುಳತೊಡಗಿತು. ಹೊರಗಿನಿಂದ ಯಾರೂ ಮುಟ್ಟಿರಲಿಲ್ಲ.

ಅಣ್ಣ: ಸಾವಿರಾರು ವರ್ಷ ಎಂದರೆ ನಮ್ಮ ಪಾಲಿಗೆ ಅದೇ ಶಾಶ್ವತವಲ್ಲವೇ?

ನಾನು: ಸುಮ್ಮನೆ ತಿರುಗುತ್ತಿದ್ದರೆ ಹೌದು. ಘರ್ಷಣೆ ಪೂರ್ತಿ ಸೊನ್ನೆ ಎಂದೇ ಇಟ್ಟುಕೋ. ಆ ಗೋಲಕ್ಕೆ ಒಂದು ಜನರೇಟರ್ ಜೋಡಿಸು. ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿದ ಕೂಡಲೇ ಅದರ ಕಾಂತಬಲ ಗೋಲವನ್ನು ಹಿಂದಕ್ಕೆಳೆಯುತ್ತದೆ. ಅದು ತಯಾರಿಕೆಯ ದೋಷವಲ್ಲ. ಆ ಎಳೆತವಿಲ್ಲದೆ ವಿದ್ಯುತ್ತೇ ಬರುವುದಿಲ್ಲ. ನೀನು ತೆಗೆದಷ್ಟೂ ಗೋಲದಲ್ಲಿ ಕಡಿಮೆಯಾಗುತ್ತದೆ. ಮೊದಲು ತಿರುಗಿಸಲು ಹಾಕಿದ್ದಕ್ಕಿಂತ ಒಂದಿಷ್ಟೂ ಹೆಚ್ಚು ಸಿಗುವುದಿಲ್ಲ.

ದೊಡ್ಡಪ್ಪ: ಚಿಕ್ಕ ಗೋಲದಲ್ಲಿ ಹಾಗಾಗುತ್ತದೆ, ಒಪ್ಪಿದೆ. ಬಾಹ್ಯಾಕಾಶ ನಿಲ್ದಾಣದಂಥ ದೊಡ್ಡದರ ಓಟದಿಂದ ಸ್ವಲ್ಪವೇ ತೆಗೆದುಕೊಂಡರೆ?

ನಾನು: ಒಳ್ಳೆಯ ಪ್ರಶ್ನೆ ದೊಡ್ಡಪ್ಪ. 1996ರ ಫೆಬ್ರವರಿಯಲ್ಲಿ ಕೊಲಂಬಿಯಾ ನೌಕೆಯಿಂದ ಒಂದು ಉಪಗ್ರಹವನ್ನು ಸುಮಾರು 20 ಕಿ.ಮೀ. ಉದ್ದದ ತಂತಿಗೆ ಕಟ್ಟಿ ಹೊರಬಿಟ್ಟರು. ಭೂಮಿಯ ಕಾಂತಕ್ಷೇತ್ರವನ್ನು ಸೀಳಿಕೊಂಡು ಸಾಗಿದ ಆ ತಂತಿಯಲ್ಲಿ ಸುಮಾರು 3,500 ವೋಲ್ಟ್ ಹುಟ್ಟಿತು. ಕೊನೆಗೆ ತಂತಿ ತುಂಡಾಯಿತು. ವಿದ್ಯುತ್ತೇನೋ ನಿಜ, ಆದರೆ ಅದು ಬಂದದ್ದು ಕಕ್ಷೆಯ ಓಟದಿಂದ. ತಂತಿಯಲ್ಲಿ ವಿದ್ಯುತ್ ಹರಿದಾಗಲೆಲ್ಲ ಅದು ನೌಕೆಗೆ ಬ್ರೇಕ್ ಹಾಕುತ್ತದೆ.

ನಿಲ್ದಾಣಕ್ಕೆ ಲೆಕ್ಕ ಹಾಕಿ ನೋಡಿದೆ. ತೂಕ ಸುಮಾರು 420 ಟನ್, ಎತ್ತರ 400 ಕಿ.ಮೀ. ಒಂದು ಚೂರೂ ನಷ್ಟವಿಲ್ಲದೆ 100 ಕಿಲೋವ್ಯಾಟ್‌ನಂತೆ ಎಳೆದುಕೊಂಡರೆ, ಸುಮಾರು 3 ವಾರಗಳಲ್ಲಿ ನಿಲ್ದಾಣ 100 ಕಿ.ಮೀ. ಕೆಳಗಿಳಿದಿರುತ್ತದೆ. ಅಲ್ಲಿಂದ ಮುಂದೆ ಗಾಳಿ ದಟ್ಟವಾಗುತ್ತಾ ಹೋಗುತ್ತದೆ. ಈಗಲೇ ತೆಳುಗಾಳಿಯ ತಡೆಯಿಂದ ಅದು ಇಳಿಯುತ್ತಿರುವುದರಿಂದ ಆಗಾಗ ಇಂಧನ ಸುಟ್ಟು ಮೇಲೆತ್ತುತ್ತಾರೆ.

ಚಿಕ್ಕಮ್ಮ: ಅಲ್ಲಿನ ಸೌರಫಲಕಗಳು ಇಷ್ಟು ವರ್ಷ ಇಂಧನವಿಲ್ಲದೆ ವಿದ್ಯುತ್ ಕೊಡುತ್ತಿಲ್ಲವೇ?

ನಾನು: ಇಂಧನ ಸೂರ್ಯನಲ್ಲಿದೆ ಚಿಕ್ಕಮ್ಮ. ಬೆಳಕಾಗಿ ಹೊರಬೀಳುವುದರಲ್ಲೇ ಸೂರ್ಯ ಸೆಕೆಂಡಿಗೆ 40 ಲಕ್ಷ ಟನ್‌ಗೂ ಹೆಚ್ಚು ದ್ರವ್ಯರಾಶಿಯನ್ನು ಕಳೆದುಕೊಳ್ಳುತ್ತಾನೆ.

ದೊಡ್ಡಪ್ಪ, ಹಣದ ಮಾತಿಗೆ ಬರುತ್ತೇನೆ. ವಿಡಿಯೊದವರನ್ನು ಒಂದೇ ಪ್ರಶ್ನೆ ಕೇಳಿ: ವಿದ್ಯುತ್ ತೆಗೆಯುವ ಮೊದಲು ಚಕ್ರದ ವೇಗ ಎಷ್ಟಿತ್ತು, ತೆಗೆದ ಮೇಲೆ ಎಷ್ಟು? ಆ ಎರಡು ಅಂಕಿಗಳು ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ನೀವು ಕೂಡಿಟ್ಟ ಹಣ ಅದು.

ದೊಡ್ಡಪ್ಪ: ಕೇಳಿ ಬರೆದಿದ್ದೇನೆ. ಉತ್ತರ ಬಂದರೆ ಇಲ್ಲಿಯೇ ಹಾಕುತ್ತೇನೆ. ಆ 3 ವಾರದ ಲೆಕ್ಕವನ್ನು ಬಿಡಿಸಿ ಕಳುಹಿಸಮ್ಮ, ನಾನೂ ಒಮ್ಮೆ ಮಾಡಿ ನೋಡುತ್ತೇನೆ.